ಇಂಟರ್‌ಸೆಪ್ಟರ್ ಹೊಟ್ಟೆಗೆ ರಕ್ಷೆ: ಕಬ್ಬಿಣವೋ, ಅಲ್ಯೂಮಿನಿಯಮ್ಮೋ, ಬರಿ ಹೊಟ್ಟೆಯೋ?

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಬೈಕಿನಲ್ಲಿ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯದ ಕಡೆ ಹೊರಟಿದ್ದೆವು. ಒಂದು ಹಂಪ್ ದಾಟುವಾಗ ಬೈಕಿನ ಕೆಳಗಿಂದ ‘ಕರ್ರ್’ ಅಂತ ಸದ್ದು. ಹಿಂದೆ ಕೂತಿದ್ದ ಹೆಂಡತಿ, “ಏನ್ರೀ ಅದು, ಏನಾದ್ರೂ ಬಿತ್ತಾ?” ಅಂದಳು. ಏನೂ ಬಿದ್ದಿರಲಿಲ್ಲ, ಸೆಂಟರ್ ಸ್ಟ್ಯಾಂಡ್ ಹಂಪಿನ ನೆತ್ತಿ ಸವರಿತ್ತು ಅಷ್ಟೆ. ಆದರೆ ಆವತ್ತು ರಾತ್ರಿ ರೂಮಿನ ಮುಂದೆ ಟಾರ್ಚ್ ಹಿಡಿದು ಬೈಕಿನ ಕೆಳಗೆ ತಲೆ ಹಾಕಿದವನಿಗೆ ಆಯಿಲ್ ಫಿಲ್ಟರ್ ಕಂಡಿತು. ಎಂಜಿನ್ನಿನ ಮುಂದೆ, ಕೆಳಗಡೆ, ಸೀದಾ ಮುಂಚಕ್ರದ ಹಿಂದೆ. ಚಕ್ರ ಹಾರಿಸಿದ ಕಲ್ಲು ಹೋಗಿ ಬೀಳುವುದೇ ಅಲ್ಲಿಗೆ. ಬ್ಯಾಷ್ ಪ್ಲೇಟಿನ, ಅಂದರೆ ಎಂಜಿನ್ನಿನ ಹೊಟ್ಟೆಗೆ ಕೆಳಗಿಂದ ಕಟ್ಟುವ ರಕ್ಷಾಹಾಳೆಯ ಹುಚ್ಚು ಹಿಡಿದಿದ್ದು ಅಲ್ಲಿಂದ.

ಮೊದಲು ಹಂಪಿನ ಲೆಕ್ಕ. ಇಂಟರ್‌ಸೆಪ್ಟರ್ 650ರ ನೆಲದಂತರ 174 ಮಿ.ಮೀ. ಮುಂದಿನ ಸಸ್ಪೆನ್ಷನ್ 110 ಮಿ.ಮೀ. ಆಡುತ್ತದೆ, ಹಿಂದಿನದು 88. ಇಬ್ಬರು ಕೂತು, ಎರಡು ಬ್ಯಾಗ್ ಕಟ್ಟಿ, ಗುಂಡಿಗೆ ಇಳಿಸಿದರೆ ಹೊಟ್ಟೆಗೂ ನೆಲಕ್ಕೂ ಉಳಿಯುವುದು ಏಳೆಂಟು ಸೆಂಟಿಮೀಟರ್. ಹಾಗಂತ ನಿಯಮದ ಪ್ರಕಾರ ಕಟ್ಟಿದ ಹಂಪಿಗೆ ಹೆದರಬೇಕಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಎರಡು ಚಕ್ರಗಳ ನಡುವಿನ 1.4 ಮೀಟರಿನಲ್ಲಿ ಅಂಥ ಹಂಪ್ ಉಬ್ಬುವುದು ಒಂದೂವರೆ ಸೆಂಟಿಮೀಟರ್ ಮಾತ್ರ. ಸಮಸ್ಯೆ ಇರುವುದು ಊರವರೇ ರಾತ್ರೋರಾತ್ರಿ ಸಿಮೆಂಟ್ ಸುರಿದು ಎಬ್ಬಿಸಿದ ಮೊಣಕೈ ಅಗಲದ ಗೋಡೆಯಲ್ಲಿ. ಅದು ಇಡಿಯಾಗಿ ಎರಡು ಚಕ್ರಗಳ ನಡುವೆ ಕೂತುಬಿಡುತ್ತದೆ.

ಹೀಗಾಗಿ ಮೊದಲು ಮಾಡಿದ ಪ್ರಯೋಗಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಹಿಂದಿನ ಶಾಕ್‌ಗೆ ಐದು ಹಂತದ ಪ್ರೀಲೋಡ್ ಇದೆ, ಅಂದರೆ ಭಾರಕ್ಕೆ ಬೈಕ್ ತೀರಾ ಕುಸಿಯದ ಹಾಗೆ ಸ್ಪ್ರಿಂಗ್ ಬಿಗಿ ಮಾಡುವ ವ್ಯವಸ್ಥೆ. ಜೋಡಿಯಾಗಿ ಹೊರಟಾಗ ಅದನ್ನು ನಾಲ್ಕಕ್ಕೆ ತಿರುಗಿಸಿದೆ. ಅದೇ ಬಿಸಿಲೆ ದಾರಿ, ಅದೇ ಬ್ಯಾಗು, ಅದೇ ಹೆಂಡತಿ. ತಾಗಿದ್ದು ಒಂದೇ ಸಲ. ಪ್ಲೇಟ್ ಕೊಳ್ಳುವ ಮೊದಲು ಎಲ್ಲರೂ ಮಾಡಬೇಕಾದ ಕೆಲಸ ಇದು. ನಾನು ಒಂದೂವರೆ ವರ್ಷ ಮಾಡಿರಲಿಲ್ಲ.

ಆದರೂ ಫಿಲ್ಟರಿನ ಚಿಂತೆ ಹೋಗಲಿಲ್ಲ. ಹಾಸನದ ಒಂದು ವೆಲ್ಡಿಂಗ್ ಶಾಪಿನಲ್ಲಿ 3 ಮಿ.ಮೀ. ಕಬ್ಬಿಣದ ಹಾಳೆ ಬಗ್ಗಿಸಿ ಪ್ಲೇಟ್ ಮಾಡಿಸಿದೆ. 1,400 ರೂಪಾಯಿ. ತೂಕ ಸುಮಾರು ಮೂರು ಕಿಲೋ. ಗಟ್ಟಿ ಅಂದರೆ ಗಟ್ಟಿ, ಸುತ್ತಿಗೆಯಲ್ಲಿ ಹೊಡೆದರೂ ಜಗ್ಗದು. ಅದನ್ನು ಕಟ್ಟಿದ್ದು ಮಾತ್ರ ಎಂಜಿನ್ನಿನ ಬೋಲ್ಟಿಗೇ. ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಒಂದೇ ಮಾತು ಹೇಳಿದ: “ಸಾರ್, ಏಟು ಪ್ಲೇಟಿಗೆ ಬಿದ್ರೂ ಹೋಗೋದು ಎಂಜಿನ್ನಿಗೇ. ಹಾಳೆ ಬಗ್ಗಲ್ಲ, ಕೇಸಿಂಗಿನ ಕಿವಿ ಮುರಿಯುತ್ತೆ.” ಆಮೇಲೆ ಫ್ರೇಮಿನ ಪೈಪಿಗೆ ಕ್ಲಾಂಪ್ ಹಾಕಿಸಿ, ಹಳೇ ಟ್ಯೂಬ್ ಕತ್ತರಿಸಿ ನಡುವೆ ರಬ್ಬರ್ ಇಟ್ಟೆ. ಸದ್ದು ಪೂರ್ತಿ ನಿಲ್ಲಲಿಲ್ಲ. ಒಂದು ವೇಗದಲ್ಲಿ ಪ್ಲೇಟ್ ತಟ್ಟೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಎದ್ದು ಅಂಚೆಲ್ಲ ತುಕ್ಕು.

ಎರಡನೆಯದು ರೆಡಿಮೇಡ್, 4 ಮಿ.ಮೀ. ಅಲ್ಯೂಮಿನಿಯಂ, 4,200 ರೂಪಾಯಿ. ಅದೇ ಗಾತ್ರಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಪಾಲು ಮಾತ್ರ ತೂಗುವುದರಿಂದ, ಹಾಳೆ ದಪ್ಪಗಿದ್ದರೂ ಬ್ರಾಕೆಟ್ ಸೇರಿ ಒಂದೂವರೆ ಕಿಲೋ ದಾಟಲಿಲ್ಲ. ಇದರ ನಿಜವಾದ ಪರೀಕ್ಷೆ ನಡೆದದ್ದು ಮೂಡಿಗೆರೆಯಿಂದ ದೇವರಮನೆಗೆ ಹೋಗುವಾಗ. ಎದುರಿಗೆ ಬಂದ ಜೀಪಿಗೆ ದಾರಿ ಬಿಡಲು ಟಾರಿನ ಅಂಚಿಂದ ಕೆಳಗಿಳಿದೆ, ಧಡ್ ಅಂತ ಒಂದು ಕಲ್ಲು. ಪ್ಲೇಟಿನ ಮೂತಿ ಒಳಕ್ಕೆ ನಗ್ಗಿತ್ತು. ಒಳಗಿನ ಫಿಲ್ಟರಿಗೆ ಒಂದು ಗೆರೆಯೂ ಇಲ್ಲ. ನನ್ನ ದುಡ್ಡು ವಸೂಲಾದದ್ದು ಆವತ್ತೇ. ಪ್ಲೇಟಿಗೂ ಎಂಜಿನ್ನಿಗೂ ಮಧ್ಯೆ ಒಂದೂವರೆ ಸೆಂಟಿಮೀಟರ್ ಜಾಗ ಬಿಟ್ಟಿದ್ದರಿಂದ ಬಚಾವ್. ಅಂಟಿಕೊಂಡಿದ್ದರೆ ಪ್ಲೇಟಿದ್ದೂ ಫಿಲ್ಟರ್ ನಜ್ಜಾಗುತ್ತಿತ್ತು. ಆದರೆ ಹಾಗೆ ಬಿಟ್ಟ ಜಾಗವನ್ನು ನೆಲದಂತರದಲ್ಲೇ ಕಳೆದುಕೊಂಡಿರುತ್ತೇವೆ. ಮೊದಲು ತಾಗದೆ ದಾಟುತ್ತಿದ್ದ ಎರಡು ಹಂಪುಗಳಿಗೆ ಈಗ ಪ್ಲೇಟ್ ತಾಗುತ್ತದೆ.

ನಗ್ಗಿದ್ದನ್ನು ಮರದ ಕೊಡತಿಯಲ್ಲಿ ಬಡಿದು ನೆಟ್ಟಗೆ ಮಾಡಿದೆ. ಆದರೆ ಅಲ್ಯೂಮಿನಿಯಂ ಮಡಿಚಿದ ಕಡೆಯೇ ಮತ್ತೆ ಮತ್ತೆ ಬಗ್ಗಿದರೆ ಸೀಳುತ್ತದೆ, ಸೀಳಿದರೆ ಆರ್ಗಾನ್ ವೆಲ್ಡಿಂಗ್ ಇರುವ ಊರಿಗೇ ಹೋಗಬೇಕು. ಕಬ್ಬಿಣವಾದರೆ ಯಾವ ಸಂತೆ ಊರಲ್ಲೂ ಗೇಟ್ ಬೆಸೆಯುವವನೇ ಬೆಸೆದು ಕೊಡುತ್ತಾನೆ. ವಾರಗಟ್ಟಲೆ ಒಬ್ಬನೇ ಅಲೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಪ್ಲಾಸ್ಟಿಕ್ ಪ್ಲೇಟನ್ನು ಒಂದು ಭಾನುವಾರ ಗೆಳೆಯನ ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ನೋಡಿದೆ. ನೀರಿನ ಡ್ರಮ್ಮಿನಂಥ ದಪ್ಪ ಎಚ್‌ಡಿಪಿಇ. ಸದ್ದೇ ಇಲ್ಲ, ಕಲ್ಲಿನ ಮೇಲೆ ಜಾರಿ ಹೋಗುತ್ತದೆ. ಆದರೆ 130 ಡಿಗ್ರಿ ಆಸುಪಾಸಿನಲ್ಲಿ ಕರಗುವ ವಸ್ತುವನ್ನು ಎರಡು ಸೈಲೆನ್ಸರ್ ಪೈಪುಗಳ ಮಗ್ಗುಲಲ್ಲಿ ಕಟ್ಟಲು ನನಗೆ ಧೈರ್ಯ ಬರಲಿಲ್ಲ.

ಯಾವ ಪ್ಲೇಟಾದರೂ ಸರಿ, ಕಾಟ ಕೊಡುವ ಸಂಗತಿಗಳು ಬೇರೆಯೇ ಇವೆ. ಮಲೆನಾಡಿನ ಕೆಂಪು ಕೆಸರು ಒಳಗೆ ಸೇರಿ ಒಣಗಿ ಇಟ್ಟಿಗೆಯಾಗುತ್ತದೆ, ಪೈಪ್ ಬಿಟ್ಟು ತೊಳೆಯಬೇಕು. ಡ್ರೈನ್ ಬೋಲ್ಟಿಗೆ ತೂತು ಕೊಟ್ಟಿದ್ದರೂ ಆಯಿಲ್ ಬದಲಿಸುವಾಗ ನಾಲ್ಕು ಹನಿ ಪ್ಲೇಟಿನ ಮೇಲೇ ಬೀಳುತ್ತದೆ, ಎರಡು ದಿನ ಸುಟ್ಟ ವಾಸನೆ. ಬೈಕ್ ಪಕ್ಕಕ್ಕೆ ಬಿದ್ದರೆ ಪ್ಲೇಟಿಂದ ನಯಾಪೈಸೆ ಉಪಯೋಗವಿಲ್ಲ. ಕ್ರ್ಯಾಶ್ ಗಾರ್ಡ್ ಇಲ್ಲದವರು ಮೊದಲು ಅದನ್ನು ಹಾಕಿಸಿ.

ಬರೀ ಹೆದ್ದಾರಿಯಲ್ಲೇ ಓಡಿಸುವವರಿಗೆ ಪ್ಲೇಟ್ ದಂಡ, ಪ್ರೀಲೋಡ್ ಸರಿಮಾಡಿಕೊಂಡರೆ ಸಾಕು. ವರ್ಷಕ್ಕೆ ನಾಲ್ಕು ಸಲ ಘಟ್ಟ ಹತ್ತಿಳಿಯುವವರು, ಹೋಂಸ್ಟೇ ಹುಡುಕುತ್ತ ಟಾರ್ ಬಿಟ್ಟು ಎಸ್ಟೇಟ್ ರಸ್ತೆಗೆ ಇಳಿಯುವವರು ಅಲ್ಯೂಮಿನಿಯಂ ಹಾಕಿಸಬಹುದು. ಕೊಳ್ಳುವಾಗ ಮೂರು ನೋಡಿ: ಮೂತಿ ಫಿಲ್ಟರನ್ನು ಪೂರ್ತಿ ಮುಚ್ಚುತ್ತದೆಯೇ, ಕ್ಲಾಂಪ್ ಫ್ರೇಮಿಗಿದೆಯೇ, ನಡುವೆ ಜಾಗ ಇದೆಯೇ. ಹೊಟ್ಟೆಯ ಉದ್ದಕ್ಕೂ ಹಾಸಿದ ಭಾಗ ಬರೀ ನೋಟಕ್ಕೆ. 11,000 ಕಿ.ಮೀ. ಆದಮೇಲೆ ನನ್ನದನ್ನು ಬಿಚ್ಚಿ ನೋಡಿದೆ: ಕಲ್ಲಿನ ಗುರುತೆಲ್ಲ ಮೂತಿಯಲ್ಲೇ, ಹಿಂದೆ ಹಂಪಿನ ಗೀರುಗಳು ಮಾತ್ರ.

ಕಬ್ಬಿಣದ್ದು ಈಗ ಊರ ಮನೆಯ ಹಿತ್ತಲ ಬಾಗಿಲಲ್ಲಿದೆ. ಅಪ್ಪ ಗದ್ದೆಯಿಂದ ಬಂದವರು ಅದರ ಅಂಚಿಗೆ ಗಮ್‌ಬೂಟಿನ ಕೆಸರು ಕೆರೆದು ಒಳಗೆ ಬರುತ್ತಾರೆ.