ಬಿಲ್ಲು ಪ್ಯಾಟರ್ನ್ ಇಆರ್‌ಜಿಗೆ, ಮಾಡಿದ್ದು ಫ್ಲ್ಯಾಶ್ ಇಆರ್‌ಜಿ: ಹುಷಾರು

ಗ್ಲಾಕೋಮಾ ಅನುಮಾನಕ್ಕೆ ಪ್ಯಾಟರ್ನ್ ಇಆರ್‌ಜಿ ಬರೆಸಿಕೊಂಡು ಡಯಾಗ್ನಾಸ್ಟಿಕ್ ಸೆಂಟರಿಗೆ ಹೋಗುವವರು ದಯವಿಟ್ಟು ಓದಿ. ಇಆರ್‌ಜಿ ಅಂದರೆ ಕಣ್ಣಿನ ರೆಟಿನಾದ ವಿದ್ಯುತ್ ಸಂಕೇತ ಅಳೆಯುವ ಪರೀಕ್ಷೆ. ಪ್ಯಾಟರ್ನ್‌ನಲ್ಲಿ ಪರದೆಯ ಮೇಲೆ ಕಪ್ಪು-ಬಿಳುಪು ಚೌಕ ಅದಲುಬದಲಾಗುತ್ತೆ, ಫ್ಲ್ಯಾಶ್‌ನಲ್ಲಿ ಬರೀ ಬೆಳಕು ಮಿಂಚುತ್ತೆ. ನಮ್ಮ ಮನೆಯ ಹಿರಿಯರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಬಿಲ್ಲಿನಲ್ಲಿ ಪ್ಯಾಟರ್ನ್ ಇಆರ್‌ಜಿ ಅಂತಲೇ ಇದೆ. ರಿಪೋರ್ಟ್ ಬಿಡಿಸಿದರೆ ಎ ತರಂಗ, ಬಿ ತರಂಗ! 'ಗ್ಯಾಂಗ್ಲಿಯಾನ್ ಕೋಶ ನಾರ್ಮಲ್' ಅಂತ ಷರಾ ಬೇರೆ. ಎ, ಬಿ ತರಂಗ ಬರುವುದು ಫ್ಲ್ಯಾಶ್ ಇಆರ್‌ಜಿಯಲ್ಲಿ. ಎ ಮುಖ್ಯವಾಗಿ ಬೆಳಕು ಹಿಡಿಯುವ ಫೋಟೋರಿಸೆಪ್ಟರುಗಳದ್ದು, ಬಿ ಅವುಗಳ ಮುಂದಿನ ಬೈಪೋಲಾರ್ ಕೋಶಗಳದ್ದು. ಗ್ಲಾಕೋಮಾ ತಿನ್ನುವ, ಸಂಕೇತವನ್ನು ಮಿದುಳಿಗೆ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳ ಬಗ್ಗೆ ಅವು ಏನೂ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಪ್ಯಾಟರ್ನ್ ಇಆರ್‌ಜಿಯ ಎರಡು ತರಂಗ, ಪಿ50 ಮತ್ತು ಎನ್95. ಕಣ್ಣಿನ ಡಾಕ್ಟರು ಹಾಳೆ ನೋಡಿ "ಇದಾ ಪ್ಯಾಟರ್ನ್ ಇಆರ್‌ಜಿ?" ಅಂದಾಗ ಮುಖ ಎಲ್ಲಿಟ್ಟುಕೊಳ್ಳುವುದು ಗೊತ್ತಾಗಲಿಲ್ಲ.

ಕೇಳಿದ್ದಕ್ಕೆ ಸೆಂಟರಿನವರ ಉತ್ತರ: "ಎರಡೂ ಇಆರ್‌ಜಿನೇ ಅಲ್ವಾ ಸರ್, ಮೆಷಿನ್ ಒಂದೇ." ಮೆಷಿನ್ ಒಂದೇ! ಫ್ಲ್ಯಾಶಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಬೇಕು, ಪ್ಯಾಟರ್ನಿಗೆ ಹಾಕಲೇಬಾರದು. ಫ್ಲ್ಯಾಶಿನಲ್ಲಿ ಸಂಕೇತ ನೂರಾರು ಮೈಕ್ರೋವೋಲ್ಟ್, ಪ್ಯಾಟರ್ನಿನಲ್ಲಿ ಬೆರಳೆಣಿಕೆಯಷ್ಟು.

ಜಗಳಾಡಿದ ಮೇಲೆ ಪ್ಯಾಟರ್ನ್ ಇಆರ್‌ಜಿ ಮಾಡಿಕೊಟ್ಟರು. ಅದೂ ಡ್ರಾಪ್ಸಿನ ಪ್ರಭಾವ ಇಳಿಯುವ ಮೊದಲೇ, ಪರದೆಯ ದೂರಕ್ಕೆ ಕನ್ನಡಕ ಹಾಕಿಸದೆ. 0.8 ಡಿಗ್ರಿಯ ಚೌಕ ಮಸುಕಾಗಿ ಕಂಡರೆ ಪಿ50 ತಾನಾಗಿ ಕುಗ್ಗುತ್ತೆ, ಕಾಯಿಲೆಯೇ ಬೇಕಿಲ್ಲ. ಹೋಲಿಕೆಗೆ ಅಂಟಿಸುವ ರೆಫರೆನ್ಸ್ ಎಲೆಕ್ಟ್ರೋಡ್ ಅದೇ ಕಣ್ಣಿನ ಹೊರಮೂಲೆಯಲ್ಲಿ ಇರಬೇಕು, ಇವರು ಕಿವಿಹಾಲೆಗೆ ಅಂಟಿಸಿದ್ದರು. ಅಲ್ಲಿ ಮಿದುಳಿನ ಸಂಕೇತವೂ ಬೆರೆಯುತ್ತೆ. ಕರೆಂಟಿನ ಗದ್ದಲ ಕತ್ತರಿಸುವ ನಾಚ್ ಫಿಲ್ಟರ್ ಬೇರೆ ಆನ್, ಅದನ್ನು ಬಳಸಬಾರದು. ಸರಾಸರಿಗೆ ತೆಗೆದ ಸ್ವೀಪ್ (ಒಂದೊಂದು ಸಲದ ದಾಖಲೆ) 40! ಈ ಪರೀಕ್ಷೆಗಳ ಅಂತರರಾಷ್ಟ್ರೀಯ ಸಂಘ ಐಎಸ್‌ಸಿಇವಿಯ ಮಾನದಂಡದ ಪ್ರಕಾರ ಕನಿಷ್ಠ 100, ಅದೂ ಎರಡು ಸಲ. ಸೆಕೆಂಡಿಗೆ 4 ರಿವರ್ಸಲ್ (ಚೌಕಗಳ ಅದಲುಬದಲು) ಅಂದರೆ 100ಕ್ಕೆ 25 ಸೆಕೆಂಡು ಸಾಕು. ರೆಪ್ಪೆ ಬಡಿದ ಸ್ವೀಪುಗಳನ್ನು ಬಿಟ್ಟು ಹಾಕಿದರೂ ನಿಮಿಷದ ಕೆಲಸ. ಆ ನಿಮಿಷ ಇವರಿಗೆ ದುಬಾರಿ.

ಈ ಸಲದ ಷರಾ: 'ಗ್ಯಾಂಗ್ಲಿಯಾನ್ ಕೋಶಗಳಿಗೆ ತೀವ್ರ ಹಾನಿ.' ಅದೇ ಕಣ್ಣು, ಅದೇ ಮಧ್ಯಾಹ್ನ! ಹಿರಿಯರು ಅವತ್ತು ಊಟ ಬಿಟ್ಟರು.

ಪ್ಯಾಟರ್ನ್ ಇಆರ್‌ಜಿಯ ಎರಡು ಸಲದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿ ಅಂದರೆ "ಗ್ರಾಫ್ ಕೊಡೋ ಪದ್ಧತಿ ಇಲ್ಲ, ಕನ್‌ಕ್ಲೂಷನ್ ನೋಡ್ಕೊಳ್ಳಿ" ಅಂತಾರೆ. ಗೆರೆ ಹೊಂದದಿದ್ದರೆ ಕನ್‌ಕ್ಲೂಷನ್ ಎಲ್ಲಿಂದ ಬಂತು?

ನೀವು ಹೋದರೆ ಡ್ರಾಪ್ಸ್ ಬಾಟಲಿ ತೆರೆಯುವ ಮೊದಲೇ ಕೇಳಿ: ಚೌಕದ ಪರದೆ ಎಲ್ಲಿ, ಕಣ್ಣಿಗೆ ಹಾಕುವ ಎಲೆಕ್ಟ್ರೋಡ್ ತೆಳು ಡಿಟಿಎಲ್ ದಾರವೋ ಚಿನ್ನದ ಫಾಯಿಲ್ಲೋ? ಕಾಂಟ್ಯಾಕ್ಟ್ ಲೆನ್ಸ್ ಎಲೆಕ್ಟ್ರೋಡ್ ತಂದರೆ ಎದ್ದು ಬನ್ನಿ, ಅದು ಚಿತ್ರವನ್ನೇ ಮಸುಕು ಮಾಡುತ್ತೆ. ಪಿ50, ಎನ್95 ಗುರುತು ಹಾಕಿದ ಗೆರೆಗಳು ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ. "ಮತ್ತೆ ಬನ್ನಿ, ಡಿಸ್ಕೌಂಟ್ ಕೊಡ್ತೀವಿ" ಅಂತಾರೆ.