ಮೊಡಾಲರ್ಟ್, ವಾಕ್ಲರ್ಟ್: ಯಾರಿಗೆ ಸರಿ, ಯಾರಿಗೆ ಬೇಡ

ರಾತ್ರಿ ಪಾಳಿಯವರೂ ಪರೀಕ್ಷೆಗೆ ಓದುವವರೂ ‘ನಿದ್ದೆ ಬರದ ಮಾತ್ರೆ’ ಎನ್ನುವುದು ಹೆಚ್ಚಾಗಿ ಇವೆರಡನ್ನೇ. ಎರಡೂ ಸನ್ ಫಾರ್ಮಾದವು. ಮೊಡಾಲರ್ಟ್‌ನಲ್ಲಿರುವುದು ಮೊಡಾಫಿನಿಲ್, 100 ಮತ್ತು 200 ಮಿ.ಗ್ರಾಂ. ವಾಕ್ಲರ್ಟ್‌ನಲ್ಲಿರುವುದು ಆರ್ಮೊಡಾಫಿನಿಲ್, ಸಾಮಾನ್ಯವಾಗಿ ಬರೆದುಕೊಡುವುದು 150. ಕಾಯಿಲೆ ಇರುವವರಿಗೆ ಇವು ನಿಜಕ್ಕೂ ಒಳ್ಳೆಯ ಔಷಧ. ನಿದ್ದೆಗೆಟ್ಟು ಓದಲು ನುಂಗುವವರಿಗೆ ಖಂಡಿತ ಬೇಡ.

ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿಯೇ ಮೊಡಾಫಿನಿಲ್‌ನ ಮುಖ್ಯ ಬಳಕೆ. ನಗುವಾಗ ಮಂಡಿ ಕುಸಿಯುವಂಥ ಕ್ಯಾಟಪ್ಲೆಕ್ಸಿಯೂ ಇದ್ದರೆ ಅದು ಇದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆ ಔಷಧ ಬೇಕು. ಗೊರಕೆಯ ಜೊತೆ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾದಲ್ಲಿ ಮೊದಲು ಸಿಪ್ಯಾಪ್ ಯಂತ್ರ, ಅಂದರೆ ಮಲಗಿದಾಗ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರುದಾರಿ ತೆರೆದಿಡುವ ಯಂತ್ರ. ಅದನ್ನು ಸರಿಯಾಗಿ ಬಳಸಿದ ಮೇಲೂ ತೂಕಡಿಕೆ ಉಳಿದರೆ ಮಾತ್ರ ಮಾತ್ರೆ. ಮಾತ್ರೆ ಸಿಕ್ಕಿತೆಂದು ಯಂತ್ರ ಬಿಟ್ಟರೆ ಎಚ್ಚರ ಇರುತ್ತದೆ, ರಾತ್ರಿ ಆಮ್ಲಜನಕ ಮಾತ್ರ ಮೊದಲಿನಂತೆಯೇ ಇಳಿಯುತ್ತಿರುತ್ತದೆ.

ರಾತ್ರಿ ಪಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಳಿ ಕೆಲಸದಿಂದ ನಿದ್ದೆ ಕೆಟ್ಟಿದ್ದ 209 ಮಂದಿಯಲ್ಲಿ ಕೆಲವರಿಗೆ 200 ಮಿ.ಗ್ರಾಂ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಔಷಧ ತೆಗೆದುಕೊಂಡವರಲ್ಲಿ ಕೆಲಸದಿಂದ ಮನೆಗೆ ಹೋಗುವಾಗಿನ ಅಪಘಾತ, ಅಪಘಾತದ ಅಂಚಿನ ಘಟನೆಗಳು ಕಡಿಮೆಯಾದವು. ಆದರೆ ಮಲಗಿಸಿದರೆ ನಿದ್ದೆ ಹತ್ತಲು ಹಿಡಿಯುವ ಸಮಯ ಸುಮಾರು 2 ನಿಮಿಷದಿಂದ 3.8 ನಿಮಿಷಕ್ಕಷ್ಟೇ ಏರಿತು. ಸರಿಯಾಗಿ ನಿದ್ದೆ ಮಾಡಿದವರಿಗೆ ಹಗಲಲ್ಲಿ ಇದಕ್ಕೆ 10 ನಿಮಿಷದ ಮೇಲೇ ಬೇಕು. ಅಂದರೆ ಮಾತ್ರೆ ನುಂಗಿದವರೂ ತೂಕಡಿಕೆಯಲ್ಲೇ ಇದ್ದರು. ‘ಮಾತ್ರೆ ತಗೊಂಡಿದ್ದೀನಿ, ಏನಾಗಲ್ಲ’ ಎಂದು ರಾತ್ರಿ ಬಸ್ಸು, ಕ್ಯಾಬು ಓಡಿಸುವುದು ಅಪಾಯ.

ಮೊಡಾಫಿನಿಲ್‌ನ ಸಾಮಾನ್ಯ ಡೋಸ್ ದಿನಕ್ಕೆ 200 ಮಿ.ಗ್ರಾಂ, ಬೆಳಿಗ್ಗೆ ಎದ್ದ ಕೂಡಲೇ. ಪಾಳಿಯವರಿಗೆ ಕೆಲಸ ಶುರುವಾಗುವ ಒಂದು ಗಂಟೆ ಮೊದಲು. ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು 2ರಿಂದ 4 ಗಂಟೆ ಬೇಕು, ಊಟದ ಮೇಲೆ ನುಂಗಿದರೆ ಇನ್ನೊಂದು ಗಂಟೆ ತಡ. ಕೆಲಸ ಮಾಡಲಿಲ್ಲವೆಂದು ಅಷ್ಟರಲ್ಲಿ ಎರಡನೆಯದು ನುಂಗುವುದೇ ಎಲ್ಲರೂ ಮಾಡುವ ತಪ್ಪು. 400ರಿಂದ ಹೆಚ್ಚಿನ ಲಾಭ ಖಚಿತವಾಗಿ ಕಂಡುಬಂದಿಲ್ಲ. ಅರ್ಧದಷ್ಟು ಔಷಧ ದೇಹದಿಂದ ಇಳಿಯಲು ಸುಮಾರು 15 ಗಂಟೆ ಹಿಡಿಯುವುದರಿಂದ ಮಧ್ಯಾಹ್ನದ ಮೇಲೆ ತೆಗೆದುಕೊಂಡರೆ ಆ ರಾತ್ರಿಯ ನಿದ್ದೆಯೂ ಹೋಯಿತು. ವಾಕ್ಲರ್ಟ್‌ನ ಮಟ್ಟ ಸಂಜೆಯವರೆಗೂ ಹೆಚ್ಚು ಉಳಿಯುತ್ತದೆ, ಹಾಗಾಗಿ ಅದರಲ್ಲಿ ಹೊತ್ತಿನ ಶಿಸ್ತು ಇನ್ನೂ ಮುಖ್ಯ. ಯಕೃತ್ತಿನ ತೀವ್ರ ತೊಂದರೆ ಇದ್ದರೆ ಡೋಸ್ ಅರ್ಧ.

ಸಾಮಾನ್ಯ ತೊಂದರೆ ತಲೆನೋವು. ಪ್ರಯೋಗಗಳಲ್ಲಿ ಶೇ. 34 ಮಂದಿಗೆ ಬಂದಿತ್ತು, ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 23. ವಾಕರಿಕೆ, ಚಡಪಡಿಕೆ, ಎದೆ ಢವಗುಟ್ಟುವುದೂ ಉಂಟು. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮ ಸುಲಿಯುವ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅಪರೂಪ, ಆದರೆ ಪ್ರಾಣಕ್ಕೇ ಕುತ್ತು. ಮಾನಸಿಕ ಕಾಯಿಲೆ, ಹೃದಯದ ತೊಂದರೆ, ಬಿಪಿ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಹೆಣ್ಣುಮಕ್ಕಳಿಗೆ ಯಾರೂ ಹೇಳದ ಮಾತು ಒಂದಿದೆ. ಈ ಔಷಧ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಬೇಗ ಕರಗಿಸುತ್ತದೆ, ಹಾಗಾಗಿ ಆ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಯೂರೋಪಿನ ಸೂಚನೆಯಂತೆ ಗರ್ಭನಿರೋಧಕ್ಕೆ ಬೇರೆ ವಿಧಾನ ಬಳಸಿ, ಅದನ್ನು ಮೊಡಾಫಿನಿಲ್ ನಿಲ್ಲಿಸಿದ ಎರಡು ತಿಂಗಳವರೆಗೂ ಮುಂದುವರಿಸಬೇಕು. ಗರ್ಭಿಣಿಯರಿಗಂತೂ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಮೂರ್ಛೆರೋಗದ ಫೆನಿಟಾಯಿನ್, ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವವರೂ ವೈದ್ಯರಿಗೆ ತಿಳಿಸದೆ ಶುರು ಮಾಡಬಾರದು.

ಭಾರತದಲ್ಲಿ ಇದು ವೈದ್ಯರ ಚೀಟಿಯ ಔಷಧ. ವಿಜಯನಗರದ ಕೋಚಿಂಗ್ ಸೆಂಟರಿನ ಗೆಳೆಯ ಕೊಟ್ಟ ಅರ್ಧ ಸ್ಟ್ರಿಪ್ಪಿಗೆ ಚೀಟಿಯೂ ಇರುವುದಿಲ್ಲ, ಮೇಲಿನದನ್ನೆಲ್ಲ ಕೇಳುವವರೂ ಇರುವುದಿಲ್ಲ. ಕ್ರೀಡಾಪಟುಗಳಿಗೆ ಸ್ಪರ್ಧೆಯ ವೇಳೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಷೇಧವಿದೆ. ಅಮೆರಿಕದಲ್ಲಿ ಮೊಡಾಫಿನಿಲ್ ನಾಲ್ಕನೇ ಶೆಡ್ಯೂಲಿನ ನಿಯಂತ್ರಿತ ವಸ್ತು. ಅಲ್ಲಿರುವ ಮಗನಿಗೆ ಇಲ್ಲಿಂದ ಕೊರಿಯರ್ ಮಾಡಬೇಡಿ, ಅಲ್ಲಿಯ ವೈದ್ಯರಿಂದಲೇ ಬರೆಸಿಕೊಳ್ಳಲಿ.