ಆಫೀಸ್ 2003, ಹತ್ತೊಂಬತ್ತು ವರ್ಷದ ಬಳಕೆ: ಗಂಗಾವತಿಯ ಟೈಪಿಂಗ್ ಅಂಗಡಿಯಿಂದ

ಬೆಳಗ್ಗೆ ಅಂಗಡಿ ತೆಗೆದು ಊದಿನಕಡ್ಡಿ ಹಚ್ಚಿದ ಮೇಲೆ ನಾನು ಮೊದಲು ನೋಡುವುದು ಕಂಪ್ಯೂಟರಿನ ಬಲ ಮೂಲೆಯ ತಾರೀಖು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು ಗಂಗಾವತಿಯಲ್ಲಿ ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ. ಅರ್ಜಿ, ಕರಾರು ಪತ್ರ, ಅಫಿಡವಿಟ್, ಶಾಲೆಗಳ ಪ್ರಶ್ನೆಪತ್ರಿಕೆ, ರೈಸ್ ಮಿಲ್‌ಗಳ ಲೆಕ್ಕದ ಪಟ್ಟಿ, ಹೀಗೆ. 2006ರಲ್ಲಿ ಅಂಗಡಿ ಶುರು ಮಾಡಿದಾಗ ಒಂದು ಪೆಂಟಿಯಂ 4 ಕಂಪ್ಯೂಟರ್, ಅದಕ್ಕೆ ವಿಂಡೋಸ್ ಎಕ್ಸ್‌ಪಿ, ಮೈಕ್ರೋಸಾಫ್ಟ್ ಆಫೀಸ್ 2003ರ ಸಿ.ಡಿ., ಒಂದು ಟಿವಿಎಸ್ ಗೋಲ್ಡ್ ಕೀಬೋರ್ಡ್ ತಂದಿದ್ದೆ. ಆಫೀಸ್ ಸಿ.ಡಿ.ಯನ್ನು ಬಿಲ್ ಸಮೇತ ತಂದದ್ದಕ್ಕೆ ಅಪ್ಪ ಬೈದಿದ್ದರು. "ಎಲ್ಲಾರೂ ಪುಕ್ಕಟ್ಟೆ ಹಾಕಿಸ್ಕೊಂತಾರ, ನೀನೊಬ್ಬ ರೊಕ್ಕ ಕೊಡಾಕತ್ತಿ" ಅಂತ. ಈಗ ಲೆಕ್ಕ ಹಾಕಿದರೆ ನನ್ನ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ ವಸ್ತು ಇಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಅನ್ನುವ ಕರೆಂಟ್ ಡಬ್ಬಿ ಮೂರು ಸಲ ಸುಟ್ಟಿದೆ. ಹಾರ್ಡ್‌ಡಿಸ್ಕ್ ಎರಡು ಸಲ ಬದಲಾಗಿದೆ. 512 ಎಂಬಿ ಇದ್ದ ರ‍್ಯಾಮ್ 1 ಜಿಬಿ ಆಗಿದೆ. ಆಫೀಸ್ ಮಾತ್ರ ಅದೇ.

ಪಕ್ಕದಲ್ಲಿ 2017ರಲ್ಲಿ ತಂದ ವಿಂಡೋಸ್ 10 ಕಂಪ್ಯೂಟರ್ ಇದೆ. ಅದರಲ್ಲಿ ಹೊಸ ಆಫೀಸ್ ಇದೆ, ಇಂಟರ್ನೆಟ್ ಇದೆ, ವಾಟ್ಸಾಪ್ ಇದೆ. ಅಲ್ಲಿ ಕೂರುವುದು ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿ. ನಿಜ ಹೇಳಬೇಕೆಂದರೆ ಅಂಗಡಿಯ ಮುಕ್ಕಾಲು ಕೆಲಸ ಈಗ ಅಲ್ಲೇ ನಡೆಯುತ್ತದೆ. ಉಳಿದ ಕಾಲು ಭಾಗದ ಕಥೆ ಇದು.

ಮೊದಲು ವೇಗ. ವರ್ಡ್ ಐಕಾನ್ ಮೇಲೆ ಎರಡು ಸಲ ಒತ್ತಿ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಖಾಲಿ ಹಾಳೆ ಬಂದಿರುತ್ತದೆ. ಇದರಲ್ಲಿ ಆಶ್ಚರ್ಯ ಏನಿಲ್ಲ. ಈ ಆಫೀಸಿಗೆ ಕಂಪನಿಯವರು ಕೇಳಿದ್ದೇ 233 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್. ನನ್ನ ಹಳೇ ಪೆಂಟಿಯಂ ಅದರ ಪಾಲಿಗೆ ದೊಡ್ಡ ಮನೆ. ಮೆನು ಎಲ್ಲ ಬೆರಳಿಗೆ ಗೊತ್ತು. ಆಲ್ಟ್, ಎಫ್, ಯು ಒತ್ತಿದರೆ ಪೇಜ್ ಸೆಟಪ್. ಕಣ್ಣು ಗಿರಾಕಿಯ ಹರಕು ಚೀಟಿ ಮೇಲಿದ್ದರೂ ನಡೆಯುತ್ತದೆ. 2007ರ ಆಫೀಸಿನಲ್ಲಿ ಆ ಮೆನು ತೆಗೆದು ಮೇಲೆ ದಪ್ಪ ಪಟ್ಟಿ ಹಾಕಿದರಲ್ಲ, ಆಗ ನಾನು ಬದಲಾಯಿಸದೇ ಇದ್ದದ್ದಕ್ಕೆ ಅರ್ಧ ಕಾರಣ ಸೋಮಾರಿತನ. ಒಪ್ಪಿಕೊಳ್ಳುತ್ತೇನೆ.

ಹಾಕಿದ ಹೊಸತರಲ್ಲಿ ಬದಲಿಸಬೇಕಾದ್ದು ಎರಡೇ. ಮೆನು ತೆಗೆದರೆ ಅರ್ಧ ಮಾತ್ರ ತೋರಿಸಿ ಉಳಿದದ್ದನ್ನು ಬಾಣದ ಗುರುತಿನ ಕೆಳಗೆ ಬಚ್ಚಿಡುವ ಕೆಟ್ಟ ಚಟ ಇದಕ್ಕಿದೆ. ಟೂಲ್ಸ್, ಕಸ್ಟಮೈಸ್ ಒಳಗೆ ಹೋಗಿ ಪೂರ್ತಿ ಮೆನು ತೋರಿಸು ಅಂತ ಟಿಕ್ ಹಾಕಬೇಕು. ಇನ್ನೊಂದು, ಹತ್ತು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುವುದನ್ನು ಎರಡು ನಿಮಿಷಕ್ಕೆ ಇಳಿಸಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗೆ ಹೋಗುತ್ತೆ ಗೊತ್ತಲ್ವಾ. ಯುಪಿಎಸ್ ಕೀಂಯ್ ಅನ್ನುವ ಮೊದಲೇ ಸತ್ತಿರುತ್ತದೆ.

ಇನ್ನು ತಾರೀಖಿನ ಕಥೆ. ನಾನು ಮಾಡಿಟ್ಟಿರುವ ಕರಾರು ಪತ್ರದ ನಮೂನೆಗಳಲ್ಲಿ ದಿನಾಂಕ ಇರುವ ಕಡೆ ವರ್ಡ್ ತಾನೇ ಇವತ್ತಿನ ತಾರೀಖು ತುಂಬುವ ಹಾಗೆ ಇಟ್ಟಿದ್ದೆ. ಬಹಳ ಜಾಣತನ ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಕಾರಟಗಿ ಕಡೆಯ ಇಬ್ಬರು ಗದ್ದೆ ಲೀಜಿಗೆ ಕೊಡುವ ಕರಾರು ಮಾಡಿಸೋಕೆ ಬಂದರು. ಛಾಪಾ ಕಾಗದ ಅವರೇ ತಂದಿದ್ದರು. ಹೆಸರು, ಸರ್ವೆ ನಂಬರ್, ಎಕರೆ, ವರ್ಷಕ್ಕೆ ಎಷ್ಟು ಚೀಲ, ಎಲ್ಲ ಹೊಡೆದೆ. ಎರಡು ಸಲ ಓದಿಸಿದೆ. ಪ್ರಿಂಟ್ ಕೊಟ್ಟೆ. ಒಂದು ಗಂಟೆ ಬಿಟ್ಟು ಇಬ್ಬರೂ ವಾಪಸ್ ಬಂದರು.

"ಅಣ್ಣಾರ, ನೋಟರಿ ವಕೀಲ್ರು ನಗಾಕತ್ಯಾರ. ಇದ್ರಾಗ 2002 ಅಂತ ಐತಂತ ನೋಡ್ರಿ."

ನೋಡಿದೆ. 1ನೇ ಜನವರಿ 2002. ಲೀಜು ಕೊಡುವವನಿಗೆ ಆ ವರ್ಷ ಇನ್ನೂ ಮೀಸೆ ಬಂದಿರಲಿಕ್ಕಿಲ್ಲ. ಆಗಿದ್ದಿಷ್ಟು: ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ಓಡಿಸುವುದು ಅದೇ. ಅದು ಸತ್ತಿತ್ತು. ರಾತ್ರಿ ಮೇನ್ ಸ್ವಿಚ್ ತೆಗೆದು ಹೋದೆ, ಬೆಳಗ್ಗೆ ಗಡಿಯಾರ ಹುಟ್ಟಿದ ದಿನಕ್ಕೆ ಹೋಗಿ ಕೂತಿತ್ತು. ಛಾಪಾ ಕಾಗದದ ದುಡ್ಡು ನನ್ನ ಕೈಯಿಂದ ಹೋಯಿತು. ಸೆಲ್ಲಿನ ಬೆಲೆ ಐವತ್ತು ರೂಪಾಯಿಯೂ ಇಲ್ಲ. ಅವತ್ತೇ ಎಲ್ಲ ನಮೂನೆಗಳಿಂದ ಆ ತಾರೀಖಿನ ಫೀಲ್ಡ್ ಕಿತ್ತು ಹಾಕಿ ಖಾಲಿ ಗೆರೆ ಎಳೆದೆ. ಹಳೆ ಯಂತ್ರ ಇಟ್ಟುಕೊಂಡವರು ಎರಡು ಮೂರು ವರ್ಷಕ್ಕೊಮ್ಮೆ ಆ ಸೆಲ್ ಸುಮ್ನೆ ಬದಲಿಸಿಬಿಡಿ, ಸಾಯಲಿ ಅಂತ ಕಾಯಬೇಡಿ.

ಹಾಗಾದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳಿದರೆ, ವರ್ಡ್ ಚೆನ್ನಾಗಿದೆ ಅಂತಲ್ಲ. ನುಡಿ ಇದೆ ಅಂತ. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ಆ ಉಚಿತ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ನಾನು ಸುಮಾರು ಹತ್ತು ವರ್ಷ ಟೈಪ್ ಮಾಡಿದ್ದು. ಆ ಫೈಲುಗಳ ಒಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದಾರೆ ಅಷ್ಟೇ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ 'ಕನ್ನಡ' ಅನ್ನುವ ಪದವೇ ಒಂದು ಪಿ, ತಲೆಮೇಲೆ ಗೆರೆ ಹೊತ್ತ ಎ, ಒಂದು ಪೌಂಡ್ ಗುರುತು, ಹೀಗೆ ಹುಚ್ಚುಹುಚ್ಚಾಗಿ ಕಾಣುತ್ತದೆ.

ಯೂನಿಕೋಡಿಗೆ, ಅಂದರೆ ಫೈಲಿನೊಳಗೆ ನಿಜವಾದ ಕನ್ನಡವೇ ಇರುವ ಹೊಸ ಪದ್ಧತಿಗೆ, ಬದಲಿಸುವ ಸಾಧನ ಇದೆಯಲ್ಲ ಅನ್ನಬಹುದು. ಇದೆ. ಬಳಸಿದ್ದೇನೆ. ಎರಡು ಪುಟದ ಅರ್ಜಿಗೆ ಸಾಕು. ಇಪ್ಪತ್ತು ಪುಟದ ಪಾಲು ಪತ್ರಕ್ಕೆ ಕೈ ಹಾಕಿದಾಗ ತಿಳಿಯುತ್ತದೆ. ನನಗೆ ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. ನಡುವೆ ಇಂಗ್ಲಿಷಿನಲ್ಲಿ ಹೊಡೆದ ಬ್ಯಾಂಕಿನ ಹೆಸರು ಕೂಡ ಕನ್ನಡದ ಚೂರುಚೂರಾಗಿ ಬಂದಿತ್ತು. ಪಾಲು ಪತ್ರದಲ್ಲಿ ಒಂದು ಅಕ್ಷರ ಆಚೀಚೆ ಆದರೆ ಅಣ್ಣ ತಮ್ಮಂದಿರ ಜಗಳ ನನ್ನ ಅಂಗಡಿ ಮುಂದೆ ನಡೆಯುತ್ತದೆ. ಅದಕ್ಕೇ ಹಳೆ ಗಿರಾಕಿ 2009ರ ಕಾಗದ ಹಿಡಿದು ಬಂದು "ಇದ್ರಾಗ ಒಂದೇ ಹೆಸ್ರು ಬದ್ಲಿ ಮಾಡಿ ಕೊಡ್ರಿ" ಅಂದರೆ ಹಳೆಯದರಲ್ಲೇ ತೆಗೆದು, ಬದಲಿಸಿ, ಅದೇ ಹಳೆಯ ಪ್ರಿಂಟರಿಗೆ ಕಳಿಸುತ್ತೇನೆ. ಗೆರೆ ಗೆರೆಗೂ ಅಂದಿನ ಹಾಗೇ ಬರುತ್ತದೆ.

ಹೊಸ ಕೆಲಸ ಮಾತ್ರ ಎಲ್ಲ ಯೂನಿಕೋಡಿನಲ್ಲೇ. ಅದು ಎಕ್ಸ್‌ಪಿಯಲ್ಲೂ ಆಗುತ್ತದೆ, ಆದರೆ ಒಂದು ಗುಟ್ಟು ಇದೆ. ಹಾಗೇ ಬಿಟ್ಟರೆ 'ಅಕ್ಕ' ಅಂತ ಹೊಡೆದರೆ 'ಅಕ್‌ಕ' ಅಂತ ಕಾಣುತ್ತದೆ, ಒತ್ತಕ್ಷರ ಕೂಡುವುದೇ ಇಲ್ಲ. ಕಂಟ್ರೋಲ್ ಪ್ಯಾನಲ್ಲಿನ ಭಾಷೆಗಳ ವಿಭಾಗದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನುವ ಕಡೆ ಟಿಕ್ ಹಾಕಬೇಕು. ಆಗ ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತದೆ. ಸಿ.ಡಿ. ಬಿಸಾಡಬೇಡಿ. ಆಮೇಲೆ ತುಂಗಾ ಫಾಂಟಿನಲ್ಲಿ ಚೆನ್ನಾಗಿ ಬರುತ್ತದೆ. ನಮ್ಮೂರ ಪಕ್ಕದ ಹೊಳೆಯ ಅರ್ಧ ಹೆಸರು ಅದಕ್ಕೆ, ಅಷ್ಟಕ್ಕೇ ನನಗೆ ಇಷ್ಟ.

ಇನ್ನೊಂದು ವರ್ಗದ ಗಿರಾಕಿಗಳು ಗಣಿತದ ಮಾಸ್ತರುಗಳು. ಪರೀಕ್ಷೆ ಹತ್ತಿರ ಬಂದಾಗ ಹಳೆಯ ಪ್ರಶ್ನೆಪತ್ರಿಕೆ ಪೆನ್‌ಡ್ರೈವಿನಲ್ಲಿ ತರುತ್ತಾರೆ. "ಶಾಲ್ಯಾಗ ಹೊಸ ಕಂಪ್ಯೂಟರ್ ಬಂದಾವ, ಆದ್ರ ಈ ಭಿನ್ನರಾಶಿ ತಿದ್ದಾಕ ಬರವಲ್ದು ನೋಡ್ರಿ." ಅವರ ತಪ್ಪಲ್ಲ. ಆ ಲೆಕ್ಕಗಳನ್ನು ಬರೆದದ್ದು ಈಕ್ವೇಶನ್ ಎಡಿಟರ್ 3.0ರಲ್ಲಿ. ಹಳೆ ವರ್ಡ್ ಜೊತೆಗೇ ಬರುತ್ತಿದ್ದ ಪುಟ್ಟ ಸಾಧನ ಅದು. 2018ರ ಜನವರಿಯ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕಿತ್ತೇ ಹಾಕಿತು. ಹೊಸ ವರ್ಡಿನಲ್ಲಿ ಲೆಕ್ಕ ಕಾಣುತ್ತದೆ, ತಿದ್ದಲು ಆಗುವುದಿಲ್ಲ. ನನ್ನ ಹಳೆಯದರಲ್ಲಿ ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ವರ್ಗಮೂಲದೊಳಗಿನ 7 ತೆಗೆದು 11 ಹಾಕಿದರೆ ಈ ವರ್ಷದ ಪ್ರಶ್ನೆ ರೆಡಿ. ಮಾಸ್ತರು ಚಹಾ ಹೇಳುತ್ತಾರೆ.

ಅದನ್ನು ಯಾಕೆ ತೆಗೆದರು ಅನ್ನುವುದೇ ಇಲ್ಲಿ ಮುಖ್ಯ. ಅದರಲ್ಲೊಂದು ತೂತು ಇತ್ತು. 2000ದಲ್ಲಿ ಮಾಡಿದ ಸಾಧನ, ತೂತು ಬೆಳಕಿಗೆ ಬಂದದ್ದು 2017ರಲ್ಲಿ. ಕೆಟ್ಟ ಫೈಲ್ ಒಂದನ್ನು ತೆರೆದರೆ ಸಾಕು, ಕಳ್ಳ ಒಳಗೆ. ಆಫೀಸ್ 2003ಕ್ಕೂ ಎಕ್ಸ್‌ಪಿಗೂ ಕಂಪನಿಯ ಬೆಂಬಲ ನಿಂತದ್ದು ಒಂದೇ ದಿನ, 2014ರ ಏಪ್ರಿಲ್ 8ಕ್ಕೆ. ಅಂದರೆ ನನ್ನ ಯಂತ್ರದಲ್ಲಿ ಆ ತೂತು ಇವತ್ತಿಗೂ ಹಾಗೇ ಇದೆ. ಯಾವ ಸಾಧನಕ್ಕಾಗಿ ಮಾಸ್ತರು ನನ್ನ ಹತ್ತಿರ ಬರುತ್ತಾರೋ ಅದೇ ಅಪಾಯದ ಬಾಗಿಲು ಕೂಡ.

ಹಾಗಾಗಿ ಇಂಟರ್ನೆಟ್ ಕೇಬಲ್ ಕಿತ್ತು ಎಷ್ಟೋ ವರ್ಷ ಆಯಿತು. ಸುಮ್ನೆ ಆಫ್ ಮಾಡಿದ್ದಲ್ಲ, ಕೇಬಲ್ ಕಿತ್ತು ಸುತ್ತಿ ಡ್ರಾದಲ್ಲಿ ಹಾಕಿದ್ದೇನೆ. ಬೇರೆಯವರ ಪೆನ್‌ಡ್ರೈವ್ ನೇರ ಇದಕ್ಕೆ ಹಾಕುವುದಿಲ್ಲ. ಮೊದಲು ಪಕ್ಕದ ಯಂತ್ರದಲ್ಲಿ ಸ್ಕ್ಯಾನ್, ಅಲ್ಲಿಂದ ನನ್ನದೇ ಪೆನ್‌ಡ್ರೈವಿನಲ್ಲಿ ಇಲ್ಲಿಗೆ. ಹಿಂದೆ ಒಮ್ಮೆ ಉದಾಸೀನ ಮಾಡಿ, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುವ ವೈರಸ್ ಹತ್ತಿಸಿಕೊಂಡು ಎರಡು ದಿನ ಅಂಗಡಿ ಮುಚ್ಚಿದ್ದೆ. ಇಡೀ ಹಾರ್ಡ್‌ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದು ಎರಡು ಕಡೆ ಇಡುವ ಅಭ್ಯಾಸ ಶುರುವಾದದ್ದು ಆವಾಗಿನಿಂದ. ಈ ಶಿಸ್ತು ಆಗಲ್ಲ ಅನ್ನುವವರು ಹಳೆ ಆಫೀಸಿನ ಆಸೆ ಬಿಡಿ.

ಎಕ್ಸೆಲ್ 2003 ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಸಾಲುಗಳು 65,536ಕ್ಕೆ ಮುಗಿಯುತ್ತವೆ, ಸರಿ, ನಮ್ಮ ಮಿಲ್ ಗುಮಾಸ್ತರ ಲೆಕ್ಕ ಅಷ್ಟು ದೂರ ಹೋಗುವುದು ಅಪರೂಪ. ತೊಂದರೆ ಬೇರೆ ಇದೆ. ಹೊಸ ಮಾದರಿಯ ಫೈಲ್ ತೆಗೆಯುವ ಕಂಪ್ಯಾಟಿಬಿಲಿಟಿ ಪ್ಯಾಕ್ ನನ್ನ ಹತ್ತಿರ ಸಿ.ಡಿ.ಯಲ್ಲಿದೆ. ಅದರಿಂದ ಫೈಲ್ ತೆರೆಯುತ್ತದೆ. ಆದರೆ ಇಫ್‌ಎರರ್, ಸಮ್‌ಇಫ್ಸ್ ಅಂಥ ಸೂತ್ರಗಳು 2007ರಲ್ಲಿ ಬಂದವು, ಇದಕ್ಕೆ ಗೊತ್ತಿಲ್ಲ. ತೆರೆದಾಗ ಹಳೆಯ ಮೊತ್ತವನ್ನೇ ತೋರಿಸುತ್ತಾ ಸಭ್ಯವಾಗಿ ಕೂತಿರುತ್ತದೆ. ಆ ಸೂತ್ರ ಇರುವ ಚೌಕವನ್ನು ತಿದ್ದಲು ತೆರೆದು ಎಂಟರ್ ಒತ್ತಿದಾಗಲೇ ಬಣ್ಣ ಬಯಲು. ನೆಲ್ಲಿನ ಚೀಲಗಳ ಒಂದು ಪಟ್ಟಿಯಲ್ಲಿ ಹೀಗೆ ಹಳೆಯ ಮೊತ್ತ ನಂಬಿ ಪ್ರಿಂಟ್ ಕೊಡುವವನಿದ್ದೆ, ಗುಮಾಸ್ತರೇ ಬೆರಳಿಟ್ಟು ತೋರಿಸಿದರು. ಈಗ ಎಕ್ಸೆಲ್ ಕೆಲಸವೆಲ್ಲ ಪಕ್ಕದ ಯಂತ್ರಕ್ಕೆ.

ರೂಪಾಯಿ ಗುರುತೂ ಇಲ್ಲ. ಅದು ಬಂದದ್ದು 2010ರಲ್ಲಿ. ಹೊರಗಿನಿಂದ ಬಂದ ಕೊಟೇಶನ್ನಿನಲ್ಲಿ ಅದರ ಜಾಗಕ್ಕೆ ಖಾಲಿ ಡಬ್ಬಿ ಮೂಡುತ್ತದೆ. ನಾನು 'ರೂ.' ಅಂತಲೇ ಹೊಡೆಯುತ್ತೇನೆ.

ಮೈಕ್ರೋಸಾಫ್ಟ್ ಆಫೀಸಿನ ಬದಲು ಲಿಬ್ರೆ ಆಫೀಸ್ ಹಾಕಿ ನೋಡು ಅಂತ ತುಂಬಾ ಜನ ಹೇಳಿದರು. ಹಾಕಿದೆ. ಎಕ್ಸ್‌ಪಿಗೆ ಸಿಗುವ ಕೊನೆಯ ಆವೃತ್ತಿ 5.4. ಪುಕ್ಕಟೆ, ಒಳ್ಳೆಯ ಮನಸ್ಸಿನವರು ಮಾಡಿದ್ದು. ಆದರೆ ನನ್ನ 1 ಜಿಬಿ ಯಂತ್ರದಲ್ಲಿ ಅದು ತೆರೆಯುವಷ್ಟರಲ್ಲಿ ಗಿರಾಕಿ ಪಕ್ಕದ ಹೋಟೆಲಿನಲ್ಲಿ ಮಿರ್ಚಿ ತಿಂದು ಬರಬಹುದು. ನುಡಿಯ ಹಳೆ ಕರಾರುಗಳಲ್ಲಿ ಕೊನೆಯ ಸಾಲು, ಅಂದರೆ ಸಾಕ್ಷಿಗಳ ಸಹಿಯ ಸಾಲು, ಮುಂದಿನ ಪುಟಕ್ಕೆ ಜಾರಿತು. ಹೊಸದಾಗಿ ಶುರು ಮಾಡುವವರಿಗೆ, ಸ್ವಲ್ಪ ಹೊಸ ಕಂಪ್ಯೂಟರ್ ಇದ್ದರೆ, ನಾನೂ ಅದನ್ನೇ ಹೇಳುತ್ತೇನೆ. ನನ್ನಂತೆ ಹಳೇ ಕಾಗದದ ಗಂಟು ಹೊತ್ತವರಿಗೆ ಅಲ್ಲ.

ನಿರ್ವಹಣೆಗೆ ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು ಧೂಳು ಹೊಡೆಯಬೇಕು. ಸುಗ್ಗಿ ಕಾಲದಲ್ಲಿ ತೌಡಿನ ಧೂಳು ಫ್ಯಾನಿನೊಳಗೆ ಮೆತ್ತಿಕೊಳ್ಳುತ್ತದೆ, ಆಗ ಎರಡು ಸಲ. ಮೇ ತಿಂಗಳಲ್ಲಿ ಡಬ್ಬಿಯ ಪಕ್ಕದ ತಗಡು ತೆಗೆದೇ ಇಡುತ್ತೇನೆ.

ಅಂಕ ಕೊಡಬೇಕೆಂದರೆ ವರ್ಡ್ 2003ಕ್ಕೆ ಐದಕ್ಕೆ ನಾಲ್ಕು. ಎಕ್ಸೆಲಿಗೆ ಎರಡು. ಯಾರಾದರೂ ಸೆಕೆಂಡ್ ಹ್ಯಾಂಡ್ ಪೆಂಟಿಯಂ ಕೊಂಡು ಇದನ್ನೇ ಹಾಕಿಕೊಳ್ಳುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಹಳೆಯ ಫೈಲುಗಳು ಇದ್ದರಷ್ಟೇ ಇದಕ್ಕೆ ಬೆಲೆ.

ಈಗ ಪಕ್ಕದ 'ಹೊಸ' ಕಂಪ್ಯೂಟರಿನ ಸರದಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರೊಳಗಿರುವುದು 7ನೇ ತಲೆಮಾರಿನ ಐ3. ವಿಂಡೋಸ್ 11 ಹಾಕಲು ನೋಡಿದರೆ ಈ ಪ್ರೊಸೆಸರ್ ನಡೆಯುವುದಿಲ್ಲ ಅಂತ ತಿರುಗಿ ಕಳಿಸಿತು. ಹುಡುಗಿ ಆ ಸಂದೇಶ ಓದಿ, ನನ್ನ ಡ್ರಾ ಕಡೆ ನೋಡಿ, "ಅಣ್ಣಾರ, ಇದರ ಕೇಬಲ್ಲೂ ಕೀಳೋದೇನು?" ಅಂದಳು.

"ಇನ್ನೊಂದು ವರ್ಷ ತಡಿಯವ್ವ" ಅಂದೆ. ಹೊಸದರ ರೇಟ್ ಕೇಳಿಕೊಂಡು ಬಂದಿದ್ದೇನೆ.